ಹಿಮನಾಡಿನಲ್ಲಿ ಲಾರಿಯ ಬ್ರೇಕು

ಎತ್ತಿನ ಗಾಡಿಯನ್ನು ನಿಲ್ಲಿಸಲು ಹಗ್ಗದ ಒಂದು ಜಗ್ಗು ಸಾಕು. ಆದರೆ ಹತ್ತಾರು ಟನ್ನು ಭಾರ ಹೊತ್ತು ಬೆಟ್ಟವಿಳಿಯುವ ಲಾರಿಯನ್ನು ನಿಲ್ಲಿಸಲು ಚಾಲಕನ ಕಾಲಿನ ಬಲವೊಂದೇ ಸಾಲದು. ಆ ಬಲಕ್ಕೆ ಒತ್ತಾಸೆಯಾಗಿ ನಿಂತಿರುವುದು ಗಾಳಿ. 1869ರಲ್ಲಿ ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ ರೈಲುಗಾಡಿಗಳಿಗಾಗಿ ಗಾಳಿಯ ಬ್ರೇಕನ್ನು ರೂಪಿಸಿದನು. ಮೂರು ವರ್ಷಗಳ ಬಳಿಕ ಅದನ್ನು ತಿದ್ದಿ, ಕೊಳವೆ ಒಡೆದು ಗಾಳಿ ಸೋರಿದರೆ ಬ್ರೇಕು ತಾನಾಗಿಯೇ ಬೀಳುವಂತೆ ಮಾಡಿದನು. ಇಂದಿನ ದೊಡ್ಡ ಲಾರಿಗಳೂ ಬಸ್ಸುಗಳೂ ಇದೇ ವಿವೇಕವನ್ನು ಬೇರೊಂದು ಬಗೆಯಲ್ಲಿ ಅನುಸರಿಸುತ್ತವೆ. ಅವುಗಳ ನಿಲುಗಡೆಯ ಬ್ರೇಕನ್ನು ಹಿಡಿದಿರುವುದು ಬಲವಾದ ಸ್ಪ್ರಿಂಗು. ಅದನ್ನು ಬಿಡಿಸುವುದು ಗಾಳಿ. ಗಾಳಿ ಇಲ್ಲವಾದರೆ ಸ್ಪ್ರಿಂಗು ಗಾಲಿಯನ್ನು ಹಿಡಿದುಬಿಡುತ್ತದೆ.

ಗಾಳಿಗೆ ಬೆಲೆಯಿಲ್ಲ, ಎಲ್ಲೆಂದರಲ್ಲಿ ದೊರೆಯುತ್ತದೆ. ಆದರೆ ಅದು ಒಂಟಿಯಾಗಿ ಬರುವುದಿಲ್ಲ. ತನ್ನೊಡನೆ ನೀರಿನ ಆವಿಯನ್ನೂ ತರುತ್ತದೆ. ಲಾರಿಯ ಎಂಜಿನ್ನಿನೊಡನೆ ತಿರುಗುವ ಕಂಪ್ರೆಸರು ಹೊರಗಿನ ಗಾಳಿಯನ್ನು ಸುಮಾರು ಎಂಟರಲ್ಲಿ ಒಂದು ಪಾಲಿಗೆ ಅದುಮಿ ತೊಟ್ಟಿಗೆ ತುಂಬುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಹಾಗೆಯೇ ಇಲ್ಲಿಯೂ ಅದುಮಿದ ಗಾಳಿ ಬಿಸಿಯಾಗುತ್ತದೆ, ತೊಟ್ಟಿಯಲ್ಲಿ ತಣಿಯುತ್ತದೆ. ಎಂಟು ಪಾಲಿನ ಆವಿಗೆ ಒಂದು ಪಾಲಿನ ಜಾಗದಲ್ಲಿ ಎಡೆಯೆಲ್ಲಿ? ತಣ್ಣೀರು ತುಂಬಿದ ಚೊಂಬಿನ ಹೊರಮೈ ಬೆವರುವಂತೆ ತೊಟ್ಟಿಯ ಒಳಮೈ ಬೆವರಿ, ತಳದಲ್ಲಿ ನೀರು ನಿಲ್ಲುತ್ತದೆ. ಮಂಡ್ಯ ಮೈಸೂರುಗಳ ಬಿಸಿಲಿನಲ್ಲಿ ಈ ನೀರು ತೊಟ್ಟಿಯನ್ನು ತುಕ್ಕು ಹಿಡಿಸಬಹುದೇ ಹೊರತು ಮಂಜುಗಡ್ಡೆಯಾಗಿ ದಾರಿ ಕಟ್ಟದು. ಲಡಾಖಿನ ಮಾತು ಬೇರೆ.

ಶ್ರೀನಗರದಿಂದ ಲೇಹ್‌ಗೆ ಹೋಗುವ ಹೆದ್ದಾರಿಯು ಸುಮಾರು ಮೂರೂವರೆ ಸಾವಿರ ಮೀಟರು ಎತ್ತರದ ಜೋಜಿ ಲಾ ಕಣಿವೆಯನ್ನು ದಾಟಿ ದ್ರಾಸ್ ಎಂಬ ಊರಿಗೆ ಇಳಿಯುತ್ತದೆ. ಚಳಿಗಾಲದ ರಾತ್ರಿಗಳಲ್ಲಿ ಅಲ್ಲಿನ ಉಷ್ಣತೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯುವುದು ಅಪರೂಪವಲ್ಲ. 1960ರಲ್ಲಿ ಸ್ಥಾಪಿತವಾದ ಗಡಿ ರಸ್ತೆಗಳ ಸಂಸ್ಥೆ ಈ ದಾರಿಗಳ ಹಿಮವನ್ನು ಸರಿಸಿ ಲಾರಿಗಳಿಗೆ ಎಡೆಮಾಡಿಕೊಡುತ್ತ ಬಂದಿದೆ. ಗಡಿಯ ಸೈನಿಕರ ಆಹಾರ, ಊರವರ ಸೀಮೆಎಣ್ಣೆ, ಅಕ್ಕಿ, ಔಷಧ ಎಲ್ಲವೂ ಈ ಲಾರಿಗಳನ್ನೇ ನಂಬಿವೆ. ಒಂದು ಲಾರಿ ಕಿರಿದಾದ ತಿರುವಿನಲ್ಲಿ ಸಿಕ್ಕಿಕೊಂಡರೆ ಹಿಂದಿನ ಸಾಲೆಲ್ಲ ನಿಲ್ಲುತ್ತದೆ. ಬ್ರೇಕು ಹಿಡಿಯದೆ ಜಾರಿದರೆ ಕೆಳಗೆ ಪ್ರಪಾತ.

ಅಂಥ ಕಡೆ ರಾತ್ರಿ ತಂಗಿದ ಲಾರಿಯೊಂದು ಮುಂಜಾನೆ ಕದಲುವುದಿಲ್ಲ ಎಂದು ಊಹಿಸಬಹುದು. ಎಂಜಿನ್ನು ಓಡುತ್ತಿದೆ, ಗಾಲಿ ಮಾತ್ರ ತಿರುಗದು. ಅನುಭವವಿಲ್ಲದವನು ಎಂಜಿನ್ನಿನ ವೇಗ ಹೆಚ್ಚಿಸಿ ಎಳೆದಾಡುವನು. ಬಲ್ಲವನು ಮೊದಲು ಗಾಲಿಗಳಿಗೆ ಮರದ ಅಡೆ ಕೊಡುವನು. ಸಿಕ್ಕಿಬಿದ್ದ ಬ್ರೇಕು ಥಟ್ಟನೆ ಬಿಟ್ಟುಕೊಂಡರೆ ಲಾರಿ ತಾನಾಗಿ ಉರುಳಬಾರದಲ್ಲವೆ?

ಅನಂತರ ಅವನು ನೋಡುವುದು ಗಾಳಿಯ ಒತ್ತಡ ತೋರಿಸುವ ಮುಳ್ಳನ್ನು. ಮುಳ್ಳು ಏರದಿದ್ದರೆ ಗಾಳಿ ಎಲ್ಲಿಯೋ ಸೋರುತ್ತಿದೆ, ಇಲ್ಲವೆ ಕಂಪ್ರೆಸರಿನಿಂದ ತೊಟ್ಟಿಗೆ ಹೋಗುವ ಕೊಳವೆಯಲ್ಲಿ ಮಂಜುಗಡ್ಡೆ ಕಟ್ಟಿದೆ. ಮುಳ್ಳು ಸರಿಯಾಗಿ ಏರಿಯೂ ಗಾಲಿ ಬಿಡದಿದ್ದರೆ ದೋಷ ಇನ್ನೂ ಮುಂದಿದೆ. ಆಗ ಚಾಲಕನು ಬ್ರೇಕನ್ನು ಬಿಡಿಸುವನು. ಜೊತೆಯಾಳು ಗಾಲಿಯ ಬಳಿ ಕುಳಿತು, ಗಾಳಿಯ ಕೋಶದಿಂದ ಹೊರಬರುವ ಸಣ್ಣ ಸರಳನ್ನು ದೃಷ್ಟಿಯಿಟ್ಟು ನೋಡುವನು. ಸರಳು ಅಲುಗದಿದ್ದರೆ ಗಾಳಿಯು ಅಲ್ಲಿಗೆ ತಲುಪಿಲ್ಲ. ಕೊಳವೆಯಲ್ಲೋ ಕವಾಟದಲ್ಲೋ ಮಂಜುಗಡ್ಡೆ ದಾರಿ ಕಟ್ಟಿದೆ. ಸರಳು ಹಿಂದೆ ಸರಿದೂ ಗಾಲಿ ತಿರುಗದಿದ್ದರೆ ಬ್ರೇಕಿನ ಲೈನರೇ ಡ್ರಮ್ಮಿಗೆ ಅಂಟಿಕೊಂಡಿದೆ. ಒಂದು ಸರಳಿನ ಚಲನೆ ಇಷ್ಟನ್ನು ಹೇಳಿಕೊಡುತ್ತದೆ. ಈ ಪರೀಕ್ಷೆಗೆ ಉಪಕರಣವೊಂದೂ ಬೇಕಿಲ್ಲ. ನೋಡುವ ಕ್ರಮ ಬೇಕು.

ಲೈನರು ಅಂಟಿಕೊಳ್ಳುವುದಕ್ಕೆ ಕಾರಣವೂ ತಿಳಿಯತಕ್ಕದ್ದೇ. ಹಗಲು ಹಿಮದಲ್ಲಿ ಓಡಿದ ಲಾರಿಯ ಡ್ರಮ್ಮಿನೊಳಗೆ ಕರಗಿದ ನೀರು ಸೇರುತ್ತದೆ. ರಾತ್ರಿ ಅದು ಹೆಪ್ಪುಗಟ್ಟಿ ಬೆಸುಗೆಯಂತೆ ಹಿಡಿಯುತ್ತದೆ. ಇನ್ನೊಂದೂ ಉಂಟು. ಕಮ್ಮಾರನು ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟೆಯನ್ನು ಕಾಯಿಸಿ ತೊಡಿಸುವನು. ಅದು ತಣಿದಾಗ ಕುಗ್ಗಿ ಮರವನ್ನು ಬಿಗಿಯುತ್ತದೆ. ಇಳಿಜಾರಿನಲ್ಲಿ ಕಾದ ಡ್ರಮ್ಮು ಬ್ರೇಕು ಹಾಕಿದಂತೆಯೇ ತಣಿದಾಗಲೂ ಹೀಗೆಯೇ ಕುಗ್ಗಿ ಲೈನರನ್ನು ಅಪ್ಪಿಕೊಳ್ಳುತ್ತದೆ. ಇದನ್ನು ಬಿಡಿಸಲು ಅಡೆಗಳನ್ನು ತುಸು ದೂರ ಸರಿಸಿ, ಲಾರಿಯನ್ನು ಮೆಲ್ಲಗೆ ಹಿಂದೆ ಮುಂದೆ ಅಲುಗಿಸುವುದೇ ಮೊದಲ ಉಪಾಯ. ಬಿಸಿಗಾಳಿ ಊದಿಸುವುದು ಅದಕ್ಕಿಂತ ಮೇಲು.

ಅವಸರಪಟ್ಟವರು ಎರಡು ತಪ್ಪುಗಳನ್ನು ಮಾಡುವುದುಂಟು. ಒಂದು, ಕುದಿನೀರು ಸುರಿಯುವುದು. ಕೊರೆಯುವ ಎರಕದ ಕಬ್ಬಿಣ ಇದರಿಂದ ಬಿರುಕು ಬಿಡಬಹುದು. ಸುರಿದ ನೀರು ಅರೆಗಳಿಗೆಯಲ್ಲಿ ಹೊಸ ಮಂಜುಗಡ್ಡೆಯಾಗುತ್ತದೆ. ಇನ್ನೊಂದು ಲಾರಿಯ ಕೆಳಗೆ ಬೆಂಕಿ ಹಾಕುವುದು. ರಬ್ಬರಿನ ಕೊಳವೆ, ಗ್ರೀಸು, ಡೀಸೆಲ್ ಎಲ್ಲವೂ ಅಲ್ಲಿಯೇ ಇವೆ. ಬೆಂಕಿಗೆ ಬಾಡಿದ ಕೊಳವೆ ಆ ಕ್ಷಣ ಒಡೆಯದೆ ಮೂರನೆಯ ತಿರುವಿನಲ್ಲಿ ಒಡೆದರೆ ಅದನ್ನು ಹೇಳಲು ಯಾರುಳಿದಾರು!

ಬ್ರೇಕು ಬಿಟ್ಟಿತೆಂದು ಕೂಡಲೇ ಹೊರಡುವಂತಿಲ್ಲ. ಮಂಜಿನ ಮೇಲೆ ಒಂದು ಗಾಲಿ ತಿರುಗದೆ ಸುಮ್ಮನೆ ಜಾರುತ್ತಿದ್ದರೂ ಚಾಲಕನಿಗೆ ಅರಿವಾಗುವುದಿಲ್ಲ. ಆದುದರಿಂದ ಜೊತೆಯಾಳು ಪಕ್ಕದಲ್ಲಿ ನಡೆದು ಎಲ್ಲ ಗಾಲಿಗಳೂ ತಿರುಗುವುದನ್ನು ಕಣ್ಣಾರೆ ನೋಡಬೇಕು. ಸಮತಟ್ಟಿನಲ್ಲಿಯೇ ನಾಲ್ಕಾರು ಬಾರಿ ಬ್ರೇಕು ಒತ್ತಿ ಪರೀಕ್ಷಿಸಿ, ಕೆಳಗಿನ ಗೇರಿನಲ್ಲಿ ಇಳಿಜಾರಿಗೆ ತಿರುಗಬೇಕು.

ಜೀಪು, ಕಾರುಗಳ ಬ್ರೇಕಿನಲ್ಲಿ ಗಾಳಿಯ ಬದಲು ದ್ರವವಿರುತ್ತದೆ. ಮಾಗಿಯಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುವಂತೆ ಇದು ಗಟ್ಟಿಯಾಗದು; ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೂ ಹರಿಯುವಂತೆ ಅದನ್ನು ತಯಾರಿಸಿರುತ್ತಾರೆ. ಆದರೆ ಈ ದ್ರವ ಗಾಳಿಯ ತೇವವನ್ನು ಹೀರುತ್ತ ಹಳತಾಗುತ್ತದೆ. ಹಾಗೆ ಹಳತಾದುದು ಚಳಿಯಲ್ಲಿ ಮಂದವಾಗಿ ಪೆಡಲು ನಿಧಾನವಾಗುತ್ತದೆ. ಅದೇ ದ್ರವ ಉದ್ದನೆಯ ಇಳಿಜಾರಿನಲ್ಲಿ ಬೇಗನೆ ಕುದಿಯುತ್ತದೆ ಕೂಡ. ಡಾಟ್ 3 ಎಂಬ ಬಗೆಯದು ಹೊಸತಾಗಿದ್ದಾಗ 205 ಡಿಗ್ರಿಯವರೆಗೆ ಕುದಿಯಬಾರದೆಂಬ ನಿಯಮವಿದೆ. ನೀರು ಬೆರೆತಾಗ ಈ ಮಿತಿ 140ಕ್ಕೆ ಇಳಿಯುತ್ತದೆ. ಕುದಿದ ದ್ರವದಲ್ಲಿ ಆವಿಯ ಗುಳ್ಳೆಯೆದ್ದರೆ ಪೆಡಲು ಕಾಲಡಿಯಲ್ಲಿ ಕುಸಿಯುತ್ತದೆ. ಆದ್ದರಿಂದ ಚಳಿಗಾಲಕ್ಕೆ ಮುನ್ನವೇ ದ್ರವವನ್ನು ಬದಲಾಯಿಸತಕ್ಕದ್ದು.

ಲಾರಿಯ ಆರೈಕೆಯಾದರೋ ಸಂಜೆಯ ಕೆಲಸ. ಉಪ್ಪಿನ ಜಾಡಿಯಲ್ಲಿ ಹಾಕಿದ ನಾಲ್ಕು ಅಕ್ಕಿಕಾಳು ತೇವವನ್ನು ಹೀರುವಂತೆ, ಇಂದಿನ ಲಾರಿಗಳಲ್ಲಿ ಗಾಳಿಯ ತೇವ ಹೀರುವ ಹರಳುಗಳ ಡಬ್ಬಿಯೊಂದಿರುತ್ತದೆ. ಹರಳು ಹಳತಾಗಿ ಎಣ್ಣೆ ಹಿಡಿದರೆ ಅದು ಇದ್ದೂ ಇಲ್ಲದಂತೆ. ಡಬ್ಬಿಯಿದೆಯೆಂದು ತೊಟ್ಟಿಯನ್ನು ಮರೆಯಬಾರದು. ತಂಗುವ ಮುನ್ನ, ಮೆಲ್ಲಗೆ ಓಡುತ್ತಿರುವಾಗಲೇ ನಾಲ್ಕಾರು ಸಲ ಬ್ರೇಕು ಒತ್ತಿ, ಹುಟ್ಟಿದ ಬಿಸಿಯಿಂದ ಲೈನರಿನ ತೇವವನ್ನು ಆರಿಸಬೇಕು. ಲಾರಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ ಗಾಲಿಗೆ ಅಡೆ ಕೊಡಬೇಕು. ಎಂಜಿನ್ನಿನ ಬಿಸಿ ಆರುವ ಮೊದಲು, ನೀರು ಇನ್ನೂ ನೀರಾಗಿರುವಾಗಲೇ ತೊಟ್ಟಿಯ ಕೆಳಗಿನ ತಿರುಪನ್ನು ಬಿಡಿಸಬೇಕು. ಮೊದಲು ನೀರು ಚಿಮ್ಮುತ್ತದೆ. ಅದು ಹಾಲಿನಂತೆ ಬೆಳ್ಳಗಿದ್ದರೆ ಕಂಪ್ರೆಸರಿನ ಎಣ್ಣೆಯೂ ಬೆರೆತಿದೆಯೆಂದು ತಿಳಿದು ರಿಪೇರಿಗೆ ಗುರುತು ಮಾಡಿಕೊಳ್ಳಬೇಕು. ನೀರು ನಿಂತು ಬರಿಯ ಗಾಳಿ ಹೊರಡುವವರೆಗೆ ಕಾದು, ಅನಂತರ ತಿರುಪನ್ನು ಬಿಗಿಮಾಡತಕ್ಕದ್ದು.