ಅಂಜುವ ಮಗು ಮತ್ತು ಶರಣಧರ್ಮ

ವೀರಶೈವ ಸಂಪ್ರದಾಯದಲ್ಲಿ ಶಿಶುವಿಗೆ ಮಾತು ಬರುವ ಮೊದಲೇ ಲಿಂಗಧಾರಣೆಯಾಗುತ್ತದೆ. ಆ ಶಿಶುವು ಮುಂದೆ ಜಾಣವಾಗುವುದೋ ಮಂದವಾಗುವುದೋ ಎಂದು ಗುರುವು ವಿಚಾರಿಸುವುದಿಲ್ಲ. ಆದುದರಿಂದ ಬುದ್ಧಿಯ ಬೆಳವಣಿಗೆ ನಿಧಾನವಾದ, ಮಾತು ತಡವಾದ, ಸದಾ ಅಂಜುವ ಮಗುವೂ ಪೂರ್ಣ ಲಿಂಗಧಾರಿಯೇ ಸರಿ. ಹೀಗಿರಲು, ಹಿಂದಿನ ಕರ್ಮದ ಫಲವೆಂದು ತಾಯಿಯನ್ನು ನಿಂದಿಸುವುದೂ, ಜನ ನಕ್ಕಾರೆಂದು ಮಗುವನ್ನು ಒಳಮನೆಯಲ್ಲಿ ಬಚ್ಚಿಡುವುದೂ, ತನ್ನ ಅಂಗೈಯ ಲಿಂಗವನ್ನು ಪೂಜಿಸಿ ಮಗುವಿನ ಎದೆಯ ಮೇಲಣ ಲಿಂಗವನ್ನು ಮರೆತಂತೆ.

ಜಾತ್ರೆಯ ಸಮಾಳದ ಸದ್ದಿಗೆ ಅಂಥ ಮಗುವು ಕಿವಿ ಮುಚ್ಚಿಕೊಂಡು ಚೀರಿದರೆ ಅದು ಹಟವಲ್ಲ, ಭಯ. ಗದರಿದಷ್ಟೂ ಭಯವು ಇಮ್ಮಡಿಸುವುದು. ಅಂಜಿದುದನ್ನೆಲ್ಲ ತಪ್ಪಿಸುತ್ತ ಹೋದರೂ ಅದು ಬೇರೂರುವುದು. ನಡುವಣ ಮಾರ್ಗವೇ ಶ್ರೇಯಸ್ಕರ. ಸ್ನಾನ, ಪೂಜೆ, ಪ್ರಸಾದಗಳು ನಿತ್ಯವೂ ಒಂದೇ ಕ್ರಮದಲ್ಲಿ ನಡೆಯಲಿ. ಹೊರಡುವ ಮುನ್ನ ಎಲ್ಲಿಗೆ, ಯಾರ ಬಳಿಗೆ, ಮರಳುವುದೆಂದು ಎಂಬುದನ್ನು ಸರಳವಾದ ಮಾತಿನಿಂದಲೋ ಚಿತ್ರದಿಂದಲೋ ತಿಳಿಸಬೇಕು. ಮಠಕ್ಕೆ ಮೊದಲು ಜನಸಂದಣಿಯಿಲ್ಲದ ಹೊತ್ತಿನಲ್ಲಿ ಕರೆತಂದು, ಬರಬರುತ್ತ ಹೆಚ್ಚು ಹೊತ್ತು ಇರಿಸಬೇಕು.

ಕಾಯಕದಲ್ಲಿ ಮೇಲುಕೀಳಿಲ್ಲ. ಪತ್ರೆ ಬಿಡಿಸುವುದು, ದಾಸೋಹದಲ್ಲಿ ಎಲೆ ಹಾಕುವುದು ಆ ಮಗುವಿನ ಕಾಯಕವಾಗಲಿ.

ಚಿಕಿತ್ಸೆಯನ್ನು ತೊರೆದು ಹರಕೆಯನ್ನೇ ನಂಬುವುದು ಭಕ್ತಿಯಲ್ಲ. ಮಾತು ಮತ್ತು ಶ್ರವಣದ ತೊಂದರೆಗಳಿಗೆ ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ನಿಗದಿತ ಪ್ರಮಾಣದ ನ್ಯೂನತೆಯುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನು 2016ರ ಅಧಿನಿಯಮವು ಕೊಟ್ಟಿದೆ. ಅದನ್ನು ಕೇಳಿ ಪಡೆಯುವುದು ಭಿಕ್ಷೆಯಲ್ಲ.

ಅಂಜುವ ಮಗುವಿನೆದುರು ದನಿಯೇರಿಸದೆ, ಬೇಸರಿಸದೆ ಕಾಯುವ ತಂದೆತಾಯಿಗಳಿಗೆ ಆ ಕಾಯುವಿಕೆಯೇ ನಿತ್ಯಪೂಜೆ.