ಮಣ್ಣಿನಲ್ಲಿ ಉಳಿದ ಗುರುತು

ಶಿವಮೊಗ್ಗ ನಗರವು ತುಂಗಾ ನದಿಯ ದಂಡೆಯ ಮೇಲಿದೆ. ಭದ್ರಾವತಿಯು ಭದ್ರಾ ನದಿಯ ದಂಡೆಯ ಮೇಲಿದೆ. ಶಿವಮೊಗ್ಗದ ಹಳೆಯ ಬಡಾವಣೆಯೊಂದಕ್ಕೆ ಕುಂಬಾರಗುಂಡಿ ಎಂದು ಹೆಸರು. ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿತ್ತು. ಒಂದು ಹೆಸರು ಮಣ್ಣಿನ ಕಸುಬನ್ನು ನೆನಪಿಸಿದರೆ, ಇನ್ನೊಂದು ಬೆಂಕಿಯನ್ನು ನೆನಪಿಸುತ್ತದೆ. ಮಣ್ಣು ಮತ್ತು ಬೆಂಕಿ ಕೂಡಿದಲ್ಲಿ ಹುಟ್ಟುವ ಕಲೆಯೇ ಸುಟ್ಟಮಣ್ಣಿನ ಶಿಲ್ಪ.

ಭಾದ್ರಪದ ಮಾಸ ಬಂತೆಂದರೆ ಈ ಊರುಗಳ ಮನೆಗಳಿಗೆ ಹಸಿಮಣ್ಣಿನ ಗೌರಿ ಗಣೇಶರು ಬರುತ್ತಾರೆ. ಪೂಜೆ ಮುಗಿದ ಮೇಲೆ ಮೂರ್ತಿಯನ್ನು ನೀರಿಗೆ ಬಿಡುತ್ತಾರೆ. ಸುಡದ ಮಣ್ಣು ಕರಗಿ ಮತ್ತೆ ಮಣ್ಣಾಗುತ್ತದೆ. ಅದೇ ಮಣ್ಣನ್ನು ಆವಿಗೆಯಲ್ಲಿಟ್ಟು ಸುಟ್ಟರೆ ಏನಾಗುತ್ತದೆ? ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮಣ್ಣಿನ ಕಣಗಳೊಳಗೆ ಸೇರಿದ್ದ ನೀರು ಹೊರಟುಹೋಗುತ್ತದೆ. ಅನಂತರ ಅದು ಎಷ್ಟು ನೆನೆದರೂ ಕೆಸರಾಗದು. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾಯಿತು. ಕಬ್ಬಿಣ ಕರಗಿಸುವ ಊದುಕುಲುಮೆಯ ಒಳಗೋಡೆಗೆ ಶಾಖವನ್ನು ತಾಳುವ ಇಟ್ಟಿಗೆಗಳನ್ನು ಜೋಡಿಸುತ್ತಾರೆ. ಆ ಇಟ್ಟಿಗೆಯೂ ಮೂಲದಲ್ಲಿ ಮಣ್ಣೇ.

ಗೊಂಬೆ ಮಾಡುವ ಕೆಲಸ ಸುಲಭವಾದುದಲ್ಲ. ಮಣ್ಣನ್ನು ಸೋಸಿ, ಕಲ್ಲು ತೆಗೆದು, ಗಾಳಿಯ ಗುಳ್ಳೆ ಉಳಿಯದಂತೆ ತುಳಿದು ಹದಗೊಳಿಸಬೇಕು. ದೊಡ್ಡ ಗೊಂಬೆಯ ಒಡಲನ್ನು ಟೊಳ್ಳಾಗಿ ಬಿಡಬೇಕು; ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಒಳಗೆ ತೇವ ಉಳಿದರೆ ಅದು ಬೆಂಕಿಯಲ್ಲಿ ಆವಿಯಾಗಿ ಗೊಂಬೆಯನ್ನು ಒಡೆಯುತ್ತದೆ. ಅವಸರ ಮಾಡಿದವನಿಗೆ ಮಣ್ಣು ಒಲಿಯದು.

ಮನುಷ್ಯನು ಇಷ್ಟೆಲ್ಲ ಶ್ರಮಪಟ್ಟು ಗೊಂಬೆ ಮಾಡುವುದೇತಕ್ಕೆ? ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಉಜಿರೆಗೆ ಸಮೀಪದಲ್ಲಿ, ಸುರ್ಯ ಎಂಬ ಊರಿದೆ. ಅಲ್ಲಿಯ ಸದಾಶಿವರುದ್ರ ದೇವಾಲಯದಲ್ಲಿ ಹರಕೆ ಹೊತ್ತವರು ಮಣ್ಣಿನ ಗೊಂಬೆಗಳನ್ನು ಒಪ್ಪಿಸುತ್ತಾರೆ. ಸಂತಾನವನ್ನು ಬೇಡಿದವರು ಮಗುವಿನ ಗೊಂಬೆಯನ್ನು, ಮನೆಯನ್ನು ಬೇಡಿದವರು ಮನೆಯ ಆಕೃತಿಯನ್ನು, ಕಾಲುನೋವಿನಿಂದ ಬಳಲಿದವರು ಕಾಲಿನ ಆಕೃತಿಯನ್ನು ತರುತ್ತಾರೆ. ಇವೆಲ್ಲ ಸಮೀಪದ ಹರಕೆಯ ಬನದಲ್ಲಿ ರಾಶಿಯಾಗಿ ಕುಳಿತಿವೆ. ತಂದವರು ಯಾರೆಂದು ಗೊಂಬೆ ಹೇಳದು. ಅವರು ಏನನ್ನು ಬಯಸಿದರೆಂಬುದನ್ನು ಮಾತ್ರ ಹೇಳುತ್ತದೆ. ನೋಡುವವನ ಮನಸ್ಸಿಗೆ ಅದು ಪರಿಚಿತವಾದ ಬಯಕೆಯೇ ಆಗಿರುತ್ತದೆ.

ದೂರದ ಚೆಕ್ ದೇಶದ ಡೋಲ್ನಿ ವೆಸ್ಟೋನಿಟ್ಸೆ ಎಂಬಲ್ಲಿ 1925ರಲ್ಲಿ ಸುಟ್ಟಮಣ್ಣಿನ ಒಂದು ಸ್ತ್ರೀಮೂರ್ತಿ ದೊರೆಯಿತು. ಅದರ ಎತ್ತರ ಸುಮಾರು 11 ಸೆಂಟಿಮೀಟರ್. ವಯಸ್ಸು 25,000 ವರ್ಷಗಳಿಗೂ ಹೆಚ್ಚು. 2004ರಲ್ಲಿ ವಿಜ್ಞಾನಿಗಳು ಅದನ್ನು ಯಂತ್ರದಿಂದ ಪರೀಕ್ಷಿಸಿದಾಗ ಅದರ ಮೇಲೆ ಬೆರಳಿನ ಗುರುತೊಂದು ಕಂಡಿತು. ಅದು 7ರಿಂದ 15 ವರ್ಷದೊಳಗಿನ ಮಗುವಿನದೆಂದು ಅವರು ಅಂದಾಜು ಮಾಡಿದರು. ಆ ಮಗುವಿನ ಹೆಸರು ಉಳಿಯಲಿಲ್ಲ, ಆಡಿದ ಭಾಷೆ ಉಳಿಯಲಿಲ್ಲ. ಹಸಿಮಣ್ಣನ್ನು ಮುಟ್ಟಿದ ಗುರುತು ಮಾತ್ರ ಉಳಿಯಿತು.

ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟರಿನ ಗೊಂಬೆಗಳು ಇಂದು ಅಗ್ಗವಾಗಿ ದೊರೆಯುತ್ತವೆ. ಅವು ಒಂದರಂತೆ ಇನ್ನೊಂದಿರುತ್ತವೆ. ಅವುಗಳಲ್ಲಿ ಮಾಡಿದವರ ಕೈ ಕಾಣದು. ಕುಂಬಾರರ ಕೈಗೆ ಕೆಲಸ ಕಡಮೆಯಾದಂತೆ ಹದವನ್ನು ಬಲ್ಲವರೂ ಕಡಮೆಯಾಗುತ್ತಾರೆ. ಆ ಅರಿವು ಪುಸ್ತಕದಿಂದ ಬರುವಂಥದಲ್ಲ. ಕೈಯಿಂದ ಕೈಗೆ ದಾಟಬೇಕಾದುದು. ಅದನ್ನು ಕಲಿಯಲು ಬಯಸುವವರು ಬಲ್ಲವರು ಇರುವಾಗಲೇ ಅವರ ಪಕ್ಕದಲ್ಲಿ ಕುಳಿತು ಮಣ್ಣನ್ನು ಮುಟ್ಟಬೇಕು.

ಅಭ್ಯಾಸ

1. ಸುಟ್ಟ ಮಣ್ಣು ನೀರಿನಲ್ಲಿ ಕರಗುವುದಿಲ್ಲ, ಏಕೆ?
2. ಸುರ್ಯದ ಹರಕೆಯ ಗೊಂಬೆಗಳು ಏನನ್ನು ತಿಳಿಸುತ್ತವೆ?
3. ನಿಮ್ಮ ಊರಿನ ಕುಂಬಾರರನ್ನು ಕಂಡು, ಅವರು ಮಣ್ಣನ್ನು ಹದಗೊಳಿಸುವ ಕ್ರಮವನ್ನು ಬರೆಯಿರಿ.