ಬಣ್ಣ ಬಳಿಯದ ಬುಗಾಟಿ

ಈ ವರ್ಷ ಇತಿಹಾಸ ವಿಭಾಗದ ವಿಚಾರಗೋಷ್ಠಿಗಾಗಿ ಅಂತಿಮ ಬಿ.ಎ. ತರಗತಿಯ ನಾವೆಲ್ಲರೂ 'ಪರಂಪರೆಯ ಸಂರಕ್ಷಣೆ' ಎಂಬ ವಿಷಯವನ್ನು ಕುರಿತು ಒಂದೊಂದು ಪ್ರಬಂಧ ಬರೆದು ಓದಬೇಕೆಂದು ಅಪ್ಪಣೆಯಾಯಿತು. ನನ್ನ ಸಹಪಾಠಿಗಳಲ್ಲಿ ಕೆಲವರು ದೇವಾಲಯಗಳನ್ನೂ ಕೆಲವರು ವೀರಗಲ್ಲುಗಳನ್ನೂ ಒಬ್ಬಾಕೆ ಓಲೆಗರಿಗಳನ್ನೂ ಆರಿಸಿಕೊಂಡರು. ನಾನು ಮೋಟಾರು ಕಾರನ್ನು ಆರಿಸಿಕೊಂಡೆ. ತರಗತಿಯಲ್ಲಿ ನಗೆಯೆದ್ದಿತು. ಅಧ್ಯಾಪಕರು ಮಾತ್ರ ನಗದೆ, "ಆಗಲಿ, ಆದರೆ ಹೊಗಳಿಕೆ ಬೇಡ, ವಿಚಾರ ಇರಲಿ" ಎಂದರು. ಆ ಪ್ರಬಂಧವನ್ನೇ ತಿದ್ದಿ, ಅಲ್ಲಿ ಹೇಳಲು ಸಂಕೋಚಪಟ್ಟ ಒಂದೆರಡು ಮಾತುಗಳನ್ನು ಸೇರಿಸಿ, ಈ ಸಂಚಿಕೆಗೆ ಕೊಟ್ಟಿದ್ದೇನೆ.

ನಾನು ಈ ವಿಷಯಕ್ಕೆ ಕೈಹಾಕಿದ್ದಕ್ಕೆ ಕಾರಣವಿಲ್ಲದಿಲ್ಲ. ನಮ್ಮ ತಂದೆಯವರು ಗ್ಯಾರೇಜೊಂದರಲ್ಲಿ ಪೇಂಟರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಪುಸ್ತಕದ ವಾಸನೆಗಿಂತ ಮೊದಲು ನನಗೆ ಪರಿಚಯವಾದದ್ದು ಥಿನ್ನರಿನ ವಾಸನೆ. ಆದುದರಿಂದ, ಅರ್ಧ ಶತಮಾನ ಕತ್ತಲಲ್ಲಿ ನಿಂತಿದ್ದ ಕಾರೊಂದನ್ನು ಬಣ್ಣ ಬಳಿಯದೆ ಹಾಗೆಯೇ ಹರಾಜಿಗಿಟ್ಟರೆಂದೂ ಅದಕ್ಕೆ ಮೂವತ್ತು ಲಕ್ಷ ಯೂರೋಗಳಿಗೂ ಮೀರಿದ ಬೆಲೆ ಬಂದಿತೆಂದೂ ಓದಿದಾಗ ನನಗೆ ಆಶ್ಚರ್ಯವಾಯಿತು. ನಮ್ಮ ತಂದೆಯವರಿಗಂತೂ ಕೋಪವೇ ಬಂದಿತು.

ಆ ಕಾರಿನ ಕಥೆ ಹೀಗಿದೆ. ಫ್ರಾನ್ಸಿನ ಆಲ್ಸೇಸ್ ಪ್ರಾಂತದ ಮೋಲ್ಸೈಮ್ ಎಂಬ ಊರಿನಲ್ಲಿ ಎಟ್ಟೋರೆ ಬುಗಾಟಿ ಎಂಬಾತನ ಕಾರ್ಖಾನೆಯಿತ್ತು. ಅಲ್ಲಿ ತಯಾರಾದ 'ಟೈಪ್ 57 ಎಸ್' ಎಂಬ ಮಾದರಿಯ ಕಾರುಗಳಲ್ಲಿ 'ಅಟಲಾಂಟ್' ಎಂಬ ಮೈಕಟ್ಟು ಪಡೆದವು ಕೇವಲ 17. ಎಂಟು ಸಿಲಿಂಡರುಗಳ, ಸುಮಾರು ಮೂರೂಕಾಲು ಲೀಟರಿನ ಎಂಜಿನು. ಗಂಟೆಗೆ 120 ಮೈಲಿಯ ವೇಗ. ಗಾಡಿಯನ್ನು ನೆಲಕ್ಕೆ ತಗ್ಗಿಸುವುದಕ್ಕಾಗಿ ಹಿಂದಿನ ಅಚ್ಚನ್ನು ಚೌಕಟ್ಟಿನ ಕೆಳಗೆ ಹಾಯಿಸದೆ, ಚೌಕಟ್ಟಿನಲ್ಲಿಯೇ ಕಂಡಿ ಬಿಟ್ಟು ಅದರೊಳಗಿಂದ ಹಾಯಿಸಿದ್ದರು. 1937ರಲ್ಲಿ ಇಂಥ ಒಂದು ಕಾರನ್ನು ಇಂಗ್ಲೆಂಡಿನ ಅರ್ಲ್ ಹೋ ಎಂಬ ಪಂದ್ಯಗಾರ ಕೊಂಡ. ಈತ 1931ರಲ್ಲಿ ಲ ಮಾನ್ಸಿನ 24 ಗಂಟೆಗಳ ಪಂದ್ಯವನ್ನು ಟಿಮ್ ಬಿರ್ಕಿನ್ ಜೊತೆ ಸೇರಿ ಗೆದ್ದವನು. ಕೆಲವರ ಕೈ ದಾಟಿ ಆ ಕಾರು 1955ರಲ್ಲಿ ನ್ಯೂಕ್ಯಾಸಲಿನ ಒಬ್ಬ ವೈದ್ಯರಿಗೆ ಸೇರಿತು. ಅವರು ಕೆಲವು ವರ್ಷ ಓಡಿಸಿ, 1960ರ ದಶಕದ ಮೊದಲಲ್ಲಿ ಮನೆಯ ಗ್ಯಾರೇಜಿನಲ್ಲಿ ನಿಲ್ಲಿಸಿದರು. ಬಳಿಕ ಅದು ಹೊರಕ್ಕೆ ಬರಲೇ ಇಲ್ಲ. 2007ರಲ್ಲಿ ಅವರು ತೀರಿಕೊಂಡ ಮೇಲೆ ಬಂಧುಗಳು ಬಾಗಿಲು ತೆರೆದು ಧೂಳಿನಡಿಯಲ್ಲಿ ಅದನ್ನು ಕಂಡರು. 2009ರ ಫೆಬ್ರವರಿಯಲ್ಲಿ ಪ್ಯಾರಿಸಿನಲ್ಲಿ ಹರಾಜಾದಾಗ ಅದಕ್ಕೆ ಬಂದ ಬೆಲೆ 34 ಲಕ್ಷ ಯೂರೋಗಳಿಗೂ ಮೇಲು.

ಇಲ್ಲಿ 'ವಿಂಟೇಜ್' ಎಂಬ ಮಾತನ್ನು ನಾವು ಸಡಿಲವಾಗಿ ಬಳಸುತ್ತೇವೆಂಬುದನ್ನು ಹೇಳಿಬಿಡಬೇಕು. 1934ರಲ್ಲಿ ಸ್ಥಾಪಿತವಾದ ಇಂಗ್ಲೆಂಡಿನ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನವರ ಲೆಕ್ಕದಲ್ಲಿ 1930ರ ಕೊನೆಯೊಳಗೆ ಹುಟ್ಟಿದ ಕಾರಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಜಾತಕ ನೋಡಿದರೆ ನಮ್ಮ ಬುಗಾಟಿ ವಿಂಟೇಜ್ ಅಲ್ಲ, ಅದರ ತಮ್ಮ. ಅದಿರಲಿ.

ಈಗ ಮುಖ್ಯ ಪ್ರಶ್ನೆ. ಒಂದು ಕುಟುಂಬದ ಕೈಗೆ ಇಂಥದೊಂದು ಕಾರು ಬಂದಾಗ ಅವರು ಮಾಡಬೇಕಾದುದೇನು? ಬಿಚ್ಚಿ, ಉಜ್ಜಿ, ಹೊಸ ಬಣ್ಣ ಹೊಡೆಸಿ ಮದುವಣಿಗನಂತೆ ನಿಲ್ಲಿಸಬೇಕೆ, ಅಥವಾ ಇದ್ದುದನ್ನು ಇದ್ದಂತೆ ಉಳಿಸಬೇಕೆ? ಬಹಳ ಕಾಲ ಮೊದಲನೆಯದೇ ಸರಿಯೆಂದು ಎಲ್ಲರೂ ನಂಬಿದ್ದರು. ಅಮೆರಿಕದ ಪೆಬಲ್ ಬೀಚಿನಲ್ಲಿ 1950ರಿಂದ ಹಳೆಯ ಕಾರುಗಳ ಪ್ರಸಿದ್ಧ ಪ್ರದರ್ಶನ ನಡೆಯುತ್ತಿದೆ. ಅಲ್ಲಿ ಅತ್ಯುನ್ನತ ಬಹುಮಾನ ಪಡೆಯುವ ಗಾಡಿ ಕಾರ್ಖಾನೆಯಿಂದ ಹೊರಬಂದ ದಿನದಲ್ಲಿಯೂ ಅಷ್ಟು ಹೊಳೆದಿರಲಾರದು! ಮೂಲಸ್ಥಿತಿಯಲ್ಲಿರುವ ಕಾರುಗಳಿಗಾಗಿಯೇ ಪ್ರತ್ಯೇಕ ವರ್ಗವನ್ನು ತೆರೆದದ್ದು 2001ರಲ್ಲಿ. ಆಮೇಲೂ ಅವುಗಳ ಸ್ಥಾನ ಪಂಕ್ತಿಯ ಕೊನೆಯಲ್ಲಿಯೇ. 2024ರ ಆಗಸ್ಟಿನಲ್ಲಿ ಮಾತ್ರ ವಿಶೇಷ ನಡೆಯಿತು: 1934ರ 'ಟೈಪ್ 59' ಬುಗಾಟಿಯೊಂದು, ಮರುನಿರ್ಮಾಣವಾಗದೆ ತನ್ನ ಹಳೆಯ ಮೈಯಲ್ಲಿಯೇ ಬಂದು, ಇಡೀ ಪ್ರದರ್ಶನದಲ್ಲಿ ಶ್ರೇಷ್ಠವೆನಿಸಿಕೊಂಡಿತು. ಸಂರಕ್ಷಿತ ಕಾರಿಗೆ ಆ ಗೌರವ ದೊರೆತದ್ದು ಅದೇ ಮೊದಲು. ಈ ಕಾರು ಒಮ್ಮೆ ಬೆಲ್ಜಿಯಮಿನ ದೊರೆ ಮೂರನೆಯ ಲಿಯೊಪೋಲ್ಡನ ಬಳಿಯಿತ್ತು. ಕಪ್ಪು ಮೈಯ ಮೇಲಿನ ಹಳದಿ ಪಟ್ಟೆ ಅವನ ಕಾಲದ್ದು. ಹೊಸ ಬಣ್ಣ ಹೊಡೆದಿದ್ದರೆ ಆ ಪಟ್ಟೆ ಮತ್ತೆ ಬರುತ್ತಿತ್ತು, ದೊರೆಯ ಕಾಲ ಬರುತ್ತಿರಲಿಲ್ಲ.

ಹಾಗಾದರೆ 'ಮೂಲ' ಎಂದರೆ ಯಾವುದು? ನಾನು ಹೆಚ್ಚು ತಲೆಕೆಡಿಸಿಕೊಂಡದ್ದು ಇಲ್ಲಿಯೇ. ನ್ಯೂಕ್ಯಾಸಲಿನ ಬುಗಾಟಿಗೆ ಅರ್ಲ್ ಹೋ ತನಗೆ ಬೇಕಾದಂತೆ ಬಂಪರುಗಳನ್ನೂ ಮುಂಗಂಬಗಳ ಮೇಲೆ ಕನ್ನಡಿಗಳನ್ನೂ ಹಾಕಿಸಿಕೊಂಡಿದ್ದ. ಅವು ಮೋಲ್ಸೈಮಿನವಲ್ಲ. ಶುದ್ಧಿಯ ಹೆಸರಿನಲ್ಲಿ ಅವನ್ನು ಕಿತ್ತರೆ ಕಾರು ಕಾರ್ಖಾನೆಯ ನಕ್ಷೆಗೆ ಹತ್ತಿರವಾಗುತ್ತದೆ, ಆದರೆ ತನ್ನ ಜೀವನಚರಿತ್ರೆಯಿಂದ ದೂರವಾಗುತ್ತದೆ. ನಮ್ಮ ದೇವಾಲಯಗಳಲ್ಲಿ ಹೊಯ್ಸಳರ ಗರ್ಭಗೃಹಕ್ಕೆ ವಿಜಯನಗರದವರು ಮಂಟಪ ಸೇರಿಸಿದ್ದರೆ ಅದನ್ನು ಯಾರೂ ಕೆಡವುವುದಿಲ್ಲವಷ್ಟೆ! ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ 2012ರಲ್ಲಿ ಅಂಗೀಕರಿಸಿದ ಟುರಿನ್ ಸನ್ನದು ಈ ದಾರಿಯನ್ನೇ ಹಿಡಿದಿದೆ. 1964ರ ವೆನಿಸ್ ಸನ್ನದು ಕಟ್ಟಡಗಳಿಗೆ ಹೇಳಿದ್ದನ್ನು ಇದು ಗಾಲಿಗಳ ಮೇಲೆ ಕೂರಿಸಿದೆಯೆನ್ನಬಹುದು. ಸಾಧ್ಯವಾದಷ್ಟು ಕಡಿಮೆ ಕೈಹಾಕಬೇಕು, ಮಾಡಿದ್ದನ್ನೆಲ್ಲ ಬರೆದಿಡಬೇಕು, ಬದಲಿಸಿದ ಭಾಗಕ್ಕೆ ಕಣ್ಣಿಗೆ ಹೊಡೆಯದಂತೆ, ಆದರೆ ಅಳಿಯದಂತೆ, ಗುರುತು ಹಾಕಬೇಕು.

ಈ ತತ್ತ್ವವನ್ನು ನಾನು ಮನೆಯಲ್ಲಿ ಓದಿ ಹೇಳಿದಾಗ ನಮ್ಮ ತಂದೆಯವರು ಕೇಳಿದ ಪ್ರಶ್ನೆ ಯಾವ ವಿದ್ವಾಂಸನ ಪ್ರಶ್ನೆಗೂ ಕಡಿಮೆಯದಲ್ಲ. "ಬಣ್ಣ ಅಂದರೆ ಬರೀ ಅಂದಕ್ಕೆ ಅಂದುಕೊಂಡೆಯೇನೋ? ತಗಡಿಗೆ ಅದು ಚರ್ಮ. ಚರ್ಮ ಸುಲಿದವನನ್ನು ಹಾಗೇ ನಿಲ್ಲಿಸಿ ಪ್ರದರ್ಶನ ಅಂತೀರಲ್ಲ!" ಇದಕ್ಕೆ ಉತ್ತರ ಕೊಡಲು ನನಗೆ ಎರಡು ವಾರ ಬೇಕಾಯಿತು. ಉತ್ತರವೆಂದರೆ, ಏನೂ ಮಾಡದೆ ಬಿಡುವುದು ಸಂರಕ್ಷಣೆಯಲ್ಲ. ನಿಜಕ್ಕೂ ಅದು ಹೊಸ ಬಣ್ಣ ಹೊಡೆಯುವುದಕ್ಕಿಂತ ಹೆಚ್ಚು ಕೆಲಸ ಬೇಡುತ್ತದೆ.

ಮೊದಲ ನಿಯಮ, ಸಿಕ್ಕ ದಿನವೇ ಎಂಜಿನನ್ನು ಚಾಲೂ ಮಾಡಬಾರದು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಎಣ್ಣೆಯೆಲ್ಲ ತಳಕ್ಕಿಳಿದಿರುತ್ತದೆ, ಪೆಟ್ರೋಲು ಆವಿಯಾಗಿ ಅಂಟಾಗಿರುತ್ತದೆ, ಪಿಸ್ಟನ್ನುಗಳು ಸಿಲಿಂಡರಿಗೆ ತುಕ್ಕಿನಿಂದ ಕಚ್ಚಿಕೊಂಡಿರುತ್ತವೆ. ಸಂತೋಷದ ಭರದಲ್ಲಿ ಬಲವಂತವಾಗಿ ತಿರುಗಿಸಿದರೆ, ಐವತ್ತು ವರ್ಷದಲ್ಲಿ ಮುರಿಯದ್ದು ಐದು ನಿಮಿಷದಲ್ಲಿ ಮುರಿಯುತ್ತದೆ. ಪ್ಲಗ್ಗುಗಳನ್ನು ತೆಗೆದು, ತೆಳುವಾದ ಎಣ್ಣೆ ಬಿಟ್ಟು, ದಿನಗಟ್ಟಲೆ ಕಾದು, ಕೈಯಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸಬೇಕು. ಎರಡನೆಯದು, ತೊಳೆಯಬಾರದು. ಧೂಳೆಂದರೆ ಸಣ್ಣ ಮರಳು; ಬಟ್ಟೆಯಿಂದ ಒರೆಸಿದರೆ ಅದೇ ಉಪ್ಪುಕಾಗದವಾಗುತ್ತದೆ. ಮೊದಲು ಎಲ್ಲ ಕೋನಗಳಿಂದಲೂ ಚಿತ್ರ ತೆಗೆದು, ಮೃದುವಾದ ಕುಂಚದಿಂದ ಎಬ್ಬಿಸಿ, ಯಂತ್ರದಿಂದ ಹೀರಿಸಬೇಕು. ಆಮೇಲೆ ಬಣ್ಣ ಹೋದ ಕಡೆ ತುಕ್ಕು ಮುಂದುವರಿಯದಂತೆ ತಡೆದು, ಬೇಕೆಂದಾಗ ತೆಗೆಯಬಹುದಾದ ಮೇಣದ ತೆಳುಪದರವನ್ನು ಕೊಡಬೇಕು. "ಹಾಗಾದರೆ ಚರ್ಮ ಸುಲಿಯುವುದಿಲ್ಲ, ಗಾಯಕ್ಕೆ ಮುಲಾಮು ಹಚ್ಚುತ್ತೀರಿ" ಎಂದು ತಂದೆಯವರು ಸ್ವಲ್ಪ ಶಾಂತರಾದರು.

ಪ್ರದರ್ಶನದ ಕಷ್ಟ ಬೇರೆಯದೇ. ದೇವಾಲಯವೆಂದರೆ ಕಲ್ಲು, ಓಲೆಗರಿಯೆಂದರೆ ಗರಿ. ಕಾರಿನಲ್ಲಾದರೋ ಕಬ್ಬಿಣ, ಅಲ್ಯುಮಿನಿಯಂ, ಹಿತ್ತಾಳೆ, ಗಾಜು, ಮರ, ಚರ್ಮ, ಬಟ್ಟೆ, ರಬ್ಬರು ಎಲ್ಲವೂ ಒಂದೇ ಸೂರಿನಡಿ ಅವಿಭಕ್ತ ಕುಟುಂಬದಂತೆ ಬದುಕಬೇಕು. ಗಾಳಿ ತೇವವಾದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಒಣಗಿದರೆ ಮರ ಬಿರಿಯುತ್ತದೆ, ಚರ್ಮ ಸೀಳುತ್ತದೆ. ಆದ್ದರಿಂದ ತೇವಾಂಶವನ್ನು ಶೇಕಡ 50ರ ಆಸುಪಾಸಿನಲ್ಲಿ, ಏರಿಳಿತವಿಲ್ಲದೆ, ಇಡುವುದು ಒಂದು ರಾಜಿ. ಚರ್ಮಕ್ಕೂ ಬಟ್ಟೆಗೂ ಬೆಳಕು ಸುಮಾರು 50 ಲಕ್ಸಿಗಿಂತ ಹೆಚ್ಚಬಾರದೆಂಬುದು ವಸ್ತುಸಂಗ್ರಹಾಲಯಗಳ ರೂಢಿ. ಆದರೆ ಕಾರು ನೋಡಲು ಬಂದವರಿಗೆ ಝಗಝಗ ಬೆಳಕು ಬೇಕು! ಗಾಡಿಯ ಭಾರ ಟಯರುಗಳ ಒಂದೇ ಭಾಗದ ಮೇಲೆ ಬೀಳದಂತೆ ಅಚ್ಚಿಗೆ ಊರೆ ಕೊಡಬೇಕು. ಹೊದಿಕೆ ಉಸಿರಾಡುವ ಹತ್ತಿಯದಿರಬೇಕು. ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರುತ್ತದೆ. ನಮ್ಮ ನಾಡಿನಲ್ಲಿ, ಅದರಲ್ಲೂ ಕರಾವಳಿಯ ಉಪ್ಪುಗಾಳಿಯಲ್ಲಿ, ಇದೆಲ್ಲ ಎಷ್ಟು ಕಷ್ಟವೆಂಬುದನ್ನು ಊಹಿಸಿಕೊಳ್ಳಬಹುದು. ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಾಲನ್ನು ನೋಡಿದವರು ಮುಂದಿನ ಸಲ ಕಾರುಗಳ ಜೊತೆಗೆ ಅಲ್ಲಿನ ಮಳೆಯನ್ನೂ ನೆನೆದುಕೊಳ್ಳಲಿ.

ಸಂರಕ್ಷಣೆಯ ಹೆಸರಿನಲ್ಲಿ ಅತಿರೇಕವೂ ಉಂಟು. ಇಟಲಿ-ಸ್ವಿಟ್ಸರ್ಲೆಂಡುಗಳ ನಡುವಣ ಮಾಜೋರೆ ಸರೋವರದ ತಳದಲ್ಲಿ ದಶಕಗಳ ಕಾಲ ಮುಳುಗಿದ್ದ 1925ರ ಬುಗಾಟಿಯೊಂದನ್ನು 2009ರಲ್ಲಿ ಮೇಲೆತ್ತಿದರು. ಒಂದು ಪಕ್ಕ ತಿಂದುಹೋಗಿ ಅಸ್ಥಿಪಂಜರವಾಗಿದ್ದ ಅದು 2010ರಲ್ಲಿ 2,60,500 ಯೂರೋಗಳಿಗೆ ಹೋಯಿತು. ಕೊಂಡ ಅಮೆರಿಕದ ಪೀಟರ್ ಮಲ್ಲಿನ್ ಅದನ್ನು ರಿಪೇರಿ ಮಾಡಿಸದೆ, ತನ್ನ ವಸ್ತುಸಂಗ್ರಹಾಲಯದಲ್ಲಿ (ಅದು 2024ರಲ್ಲಿ ಮುಚ್ಚಿತು) ಹಾಗೆಯೇ ಇಟ್ಟಿದ್ದ. ಇದು ನನಗೆ ಒಪ್ಪಿಗೆ. ಏಕೆಂದರೆ ಆ ಕಾರಿನ ಕಥೆಯೇ ನೀರಿನ ಕಥೆ. ಆದರೆ ಫ್ರಾನ್ಸಿನ ಬೈಯೊ ಕುಟುಂಬದ ಸಂಗ್ರಹದ ವಿಷಯ ಹಾಗಲ್ಲ. ಸಾರಿಗೆ ಉದ್ಯಮಿ ರೋಜೆ ಬೈಯೊ 1950ರ ದಶಕದಿಂದ ವಸ್ತುಸಂಗ್ರಹಾಲಯ ಕಟ್ಟುವ ಕನಸಿನಲ್ಲಿ ಕಾರುಗಳನ್ನು ಕೂಡಿಹಾಕಿದ. ವ್ಯಾಪಾರ ಕುಸಿಯಿತು, ಕನಸು ನಿಂತಿತು, ಕಾರುಗಳು ತೆರೆದ ತಗಡಿನ ಮಾಡುಗಳ ಕೆಳಗೆ ಉಳಿದವು. 2014ರಲ್ಲಿ ಅವು ಬೆಳಕಿಗೆ ಬಂದಾಗ, ಹಿಂದೊಮ್ಮೆ ನಟ ಅಲೇನ್ ದೆಲೋನನದಾಗಿದ್ದ ಫೆರಾರಿಯೊಂದರ ಮೇಲೆ ಹಳೆಯ ಪತ್ರಿಕೆಗಳ ರಾಶಿಯಿತ್ತು. 2015ರ ಹರಾಜಿನಲ್ಲಿ ಅದೊಂದಕ್ಕೇ 1 ಕೋಟಿ 60 ಲಕ್ಷ ಯೂರೋಗಳಿಗೂ ಮಿಕ್ಕ ಬೆಲೆ ಬಂದಿತು. ಪತ್ರಿಕೆಗಳು ಈ ಧೂಳನ್ನು ಬಹಳ ಹೊಗಳಿದವು. ಆದರೆ ಅದರ ಪಕ್ಕದಲ್ಲಿ ಉಳಿಸಲಾರದಷ್ಟು ಕೊಳೆತುಹೋದ ಎಷ್ಟೋ ಗಾಡಿಗಳಿದ್ದವು. ಅವನ್ನು ತಿಂದದ್ದೂ ಅದೇ ಧೂಳು, ಅದೇ ಮಳೆ. ಬಳಕೆಯಿಂದ ಸವೆದದ್ದು ಬೇರೆ, ಅಲಕ್ಷ್ಯದಿಂದ ಕೊಳೆತದ್ದು ಬೇರೆ. ಚಾಲಕನ ಕೈಯಿಂದ ಸವೆದ ಸ್ಟಿಯರಿಂಗ್ ಚಕ್ರವನ್ನು ಉಳಿಸಬೇಕು. ಇಲಿ ಕಡಿದ ಸೀಟನ್ನು ಇಲಿಯ ಗೌರವಾರ್ಥವಾಗಿ ಉಳಿಸಬೇಕಾದುದಿಲ್ಲ.

ಈ ಭೇದ ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನಮ್ಮ ಅಜ್ಜ ಹಾಲು ಹಾಕುತ್ತಿದ್ದ ಸೈಕಲ್ಲೊಂದು ನಮ್ಮ ಮನೆಯಲ್ಲಿದೆ. ಕ್ಯಾನುಗಳು ತೂಗಿ ತೂಗಿ ಕ್ಯಾರಿಯರಿನ ಎರಡು ಕಡೆಯೂ ಬಣ್ಣ ಹೋಗಿ ಕಬ್ಬಿಣ ಬೆಳ್ಳಿಯಂತೆ ಹೊಳೆಯುತ್ತಿತ್ತು. ಚೈನ್ ಕವರಿನ ಮೇಲೆ ಅಜ್ಜನ ಹೆಸರು ಬಿಳಿ ಅಕ್ಷರಗಳಲ್ಲಿ, ಸ್ವಲ್ಪ ಸೊಟ್ಟಗೆ, ಬರೆದಿತ್ತು. ನಾನು ಹತ್ತನೆಯ ತರಗತಿ ಪಾಸಾದ ವರ್ಷ, ಅಜ್ಜ ತೀರಿಕೊಂಡ ಮೇಲಿನ ಮೊದಲ ಆಯುಧಪೂಜೆಗೆ, ಎಲ್ಲರೂ ಮೆಚ್ಚಲೆಂದು ಹಸಿರು ಎನಾಮಲ್ ತಂದು ಆ ಸೈಕಲ್ಲನ್ನು ಹ್ಯಾಂಡಲ್ಲಿನಿಂದ ಮಡ್‌ಗಾರ್ಡಿನವರೆಗೆ ಬಳಿದೆ. ಸಂಜೆ ಬಂದ ತಂದೆಯವರು ಸುತ್ತಲೂ ನೋಡಿ, "ಕೈ ಚೆನ್ನಾಗಿ ಓಡಿದೆ" ಎಂದಷ್ಟೇ ಹೇಳಿ ಒಳಗೆ ಹೋದರು. ಆ ಸೊಟ್ಟ ಅಕ್ಷರಗಳು ಅವರು ಹನ್ನೆರಡನೆಯ ವಯಸ್ಸಿನಲ್ಲಿ, ಜೀವಮಾನದಲ್ಲಿಯೇ ಮೊದಲು ಕುಂಚ ಹಿಡಿದು ಬರೆದವೆಂದು ಅಮ್ಮ ಹೇಳಿದ್ದು ನಾಲ್ಕು ವರ್ಷದ ಮೇಲೆ, ಈ ಪ್ರಬಂಧವನ್ನು ನಾನು ಮನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದಾಗ.

ಹಳೆಯ ಕಾರುಗಳಲ್ಲಿ ಮೇಲಿನ ಬಣ್ಣವನ್ನು ಪದರ ಪದರವಾಗಿ ತೆಗೆದು ಕೆಳಗಿನ ಮೂಲ ಬಣ್ಣವನ್ನು ಹೊರತರುವ ಪದ್ಧತಿಯುಂಟು. ಅದನ್ನು ಓದಿ, "ಅಪ್ಪಾ, ಥಿನ್ನರ್ ಹಾಕಿ ನೋಡೋಣವೇ?" ಎಂದು ಕೇಳಿದೆ. "ಮೇಲಿನದೂ ಎನಾಮಲ್ಲು, ಕೆಳಗಿನ ಅಕ್ಷರವೂ ಎನಾಮಲ್ಲು. ಥಿನ್ನರಿಗೆ ಭೇದ ಗೊತ್ತಾಗುವುದಿಲ್ಲ, ಎರಡನ್ನೂ ತಿಂದುಹಾಕುತ್ತದೆ" ಎಂದರು. ಮುಂದಿನ ಭಾನುವಾರ ಅವರೇ ಅತಿ ನುಣುಪಾದ ವಾಟರ್ ಪೇಪರ್ ತಂದರು. ಮೊದಲು ಸೀಟಿನ ಕೆಳಗೆ, ಯಾರಿಗೂ ಕಾಣದ ಜಾಗದಲ್ಲಿ, ಉಜ್ಜಿ ನೋಡಿದೆವು. ಹಸಿರಿನಡಿಯಿಂದ ಹಳೆಯ ಕಪ್ಪು ಬಂದಿತು. ಆಮೇಲೆ ಚೈನ್ ಕವರಿಗೆ ಕೈಹಚ್ಚಿದೆವು. ನೀರು ಬಿಡುವುದು ನನ್ನ ಕೆಲಸ, ಉಜ್ಜುವುದು ಅವರದು. ನನ್ನ ಕೈಗೆ ಕೊಡುವುದಿಲ್ಲ. ವಾರಕ್ಕೊಂದು ಗಂಟೆ, ಹಗಲು ಬೆಳಕಿರುವಾಗ ಮಾತ್ರ. ಈ ಲೇಖನವನ್ನು ಸಂಪಾದಕರಿಗೆ ಒಪ್ಪಿಸುವ ಹೊತ್ತಿಗೆ ಒಂದೂವರೆ ಅಕ್ಷರ ಹೊರಗೆ ಬಂದಿದೆ.